ಮುದಿಮಲ್ಲನ ಕೊನೆಯ ಕಾಳಗ

ಮುದಿಮಲ್ಲನೊಬ್ಬನು ಮರಳಿ ಕಣಕ್ಕಿಳಿದರೆ, ಕೀರ್ತಿಯ ಚಾಪಲ್ಯವೆಂದು ನಾವು ನಗುವುದುಂಟಷ್ಟೆ. ಅಮೆರಿಕದ ಮುಷ್ಟಿಮಲ್ಲ ಜೋ ಲೂಯಿಸನ ವೃತ್ತಾಂತವನ್ನು ವಾಚಕರು ಕೇಳಬೇಕು. 1937ರಿಂದ ಹೆಚ್ಚು ಕಡಮೆ 12 ವರ್ಷ ಜಗಜ್ಜಟ್ಟಿಯೆನಿಸಿ, 1949ರಲ್ಲಿ ಪಟ್ಟವನ್ನು ಸೋಲದೆಯೇ ಬಿಟ್ಟುಕೊಟ್ಟವನೀತ. 1942ರಲ್ಲಿ ಎರಡು ಕಾಳಗಗಳ ಸಂಪಾದನೆಯನ್ನು ನೌಕಾಪಡೆ, ಭೂಸೈನ್ಯಗಳ ಸಹಾಯನಿಧಿಗಳಿಗೆ ಅರ್ಪಿಸಿದ್ದನು. ಆ ಹಣವನ್ನೂ ಅವನ ಆದಾಯವೆಂದೇ ಎಣಿಸಿ ಸರ್ಕಾರವು ತೆರಿಗೆ ವಿಧಿಸಿತು! ದಾನಕ್ಕೂ ಕರವುಂಟೆಂಬುದನ್ನು ಯಾವ ಧರ್ಮಶಾಸ್ತ್ರದಲ್ಲಿಯೂ ನಾನು ಓದಿದವನಲ್ಲ. ಅವನೂ ದುಂದುಗಾರನೇ, ನಿಜ. ಆದರೆ ಬಡ್ಡಿಯಿಂದ ಬೆಳೆದ ತೆರಿಗೆಯ ಋಣವೇ 1950ರಲ್ಲಿ ಅವನನ್ನು ಮರಳಿ ಕಣಕ್ಕೆಳೆದುದು. ಮರುವರ್ಷ, 37ರ ಪ್ರಾಯದಲ್ಲಿ, ನ್ಯೂಯಾರ್ಕಿನಲ್ಲಿ, ತನಗಿಂತ 9 ವರ್ಷ ಕಿರಿಯನಾದ ರಾಕಿ ಮಾರ್ಸಿಯಾನೋವಿನ ಪೆಟ್ಟಿಗೆ ಎಂಟನೆಯ ಸುತ್ತಿನಲ್ಲಿ ಹಗ್ಗಗಳ ನಡುವಿನಿಂದ ಹೊರಗುರುಳಿದನು. ಗೆದ್ದವನೇ ಆಮೇಲೆ ಅತ್ತನಂತೆ. ಸಾಲ ಮಾತ್ರ ತೀರಲಿಲ್ಲ. 1956ರಲ್ಲಿ ಅದೇ ಋಣಕ್ಕಾಗಿ ಕುಸ್ತಿಯ ಪ್ರದರ್ಶನಗಳಿಗಿಳಿದನು.