ದಾರಿ ಬದಲಿಸುವುದು ದಾರಿ ತಪ್ಪುವುದಲ್ಲ

ಪದವಿ ತರಗತಿಗೆ ಸೇರಿ ಒಂದು ವರ್ಷ ಕಳೆದ ಮೇಲೆ, "ಈ ವಿಷಯ ನನಗೆ ಒಗ್ಗುತ್ತಿಲ್ಲ, ಬೇರೆ ಕಾಲೇಜಿಗೆ ಸೇರಿ ಬೇರೆ ವಿಷಯ ಓದುತ್ತೇನೆ" ಎಂದು ಮಗನೋ ಮಗಳೋ ಬಾಯಿಬಿಟ್ಟು ಹೇಳಿದರೆ ಸಾಕು, ನಮ್ಮ ಮನೆಗಳಲ್ಲಿ ಸೂತಕದ ಛಾಯೆ ಆವರಿಸುತ್ತದೆ. ತಾಯಿ ಕಣ್ಣೀರಿಡುತ್ತಾರೆ. ತಂದೆ ಕಟ್ಟಿದ ಶುಲ್ಕದ ಲೆಕ್ಕ ಒಪ್ಪಿಸುತ್ತಾರೆ. ಸೋದರಮಾವ "ಚಂಚಲ ಬುದ್ಧಿ" ಎಂದು ತೀರ್ಪು ಕೊಡುತ್ತಾರೆ. ಕೊನೆಗೆ "ಫಾದರ್, ನೀವಾದರೂ ನಾಲ್ಕು ಬುದ್ಧಿಮಾತು ಹೇಳಿ" ಎಂದು ಮಗುವನ್ನು ಗುರುಗಳ ಮುಂದೆ ತಂದು ನಿಲ್ಲಿಸುತ್ತಾರೆ. ಬುದ್ಧಿಮಾತು ನಿಜಕ್ಕೂ ಬೇಕಾಗಿರುವುದು ಯಾರಿಗೆ ಎಂಬುದೇ ನನ್ನ ಪ್ರಶ್ನೆ.

ಈ ಮಕ್ಕಳು ತಮ್ಮ ವಿಷಯವನ್ನು ಆರಿಸಿಕೊಂಡದ್ದಾದರೂ ಹೇಗೆ? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ, ಹದಿನೈದು ಹದಿನಾರರ ವಯಸ್ಸಿನಲ್ಲಿ, ವಿಜ್ಞಾನವೋ ವಾಣಿಜ್ಯವೋ ಕಲೆಯೋ ಎಂಬುದು ತೀರ್ಮಾನವಾಗಿಬಿಡುತ್ತದೆ. ಅಂಕ ಹೆಚ್ಚಿದ್ದರೆ ವಿಜ್ಞಾನ, ನಡುವಣದಾದರೆ ವಾಣಿಜ್ಯ, ಉಳಿದವರಿಗೆ ಕಲೆ. ಇದು ಆಯ್ಕೆಯಲ್ಲ, ಜರಡಿ ಹಿಡಿಯುವುದು. ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಸೇರಿದನೆಂದು ನಮ್ಮವನೂ ಸೇರಿದ. ಪ್ರಯೋಗಾಲಯದಲ್ಲಿ ಒಂದು ವರ್ಷ ಕಳೆದ ಮೇಲೆ ತನ್ನ ಮನಸ್ಸು ಇತಿಹಾಸದಲ್ಲಿದೆ, ಅರ್ಥಶಾಸ್ತ್ರದಲ್ಲಿದೆ ಎಂದು ಅವನಿಗೆ ತಿಳಿದರೆ ಅದು ಚಂಚಲತೆಯಲ್ಲ. ಅವನು ತನ್ನ ಬದುಕಿನ ಬಗ್ಗೆ ಸ್ವತಃ ಯೋಚಿಸಿದ ಮೊದಲ ಸಂದರ್ಭ ಅದೇ ಇರಬಹುದು.

ಚಂಚಲತೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಬೇಕು. ನಮ್ಮ ರಾಜ್ಯ ಸರ್ಕಾರ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಆನರ್ಸ್ ಪದವಿಯನ್ನು ಜಾರಿಗೆ ತಂದಿತು. 2024-25ರಿಂದ ಅದನ್ನು ಕೈಬಿಟ್ಟು ಮೂರು ವರ್ಷಗಳ ಪದವಿಗೆ ಮರಳಿತು. ಮೂರೇ ವರ್ಷಗಳಲ್ಲಿ ಇಡೀ ರಾಜ್ಯದ ಪದವಿ ಶಿಕ್ಷಣ ಎರಡು ಬಾರಿ ದಾರಿ ಬದಲಿಸಿತು. ಆಗ ಯಾರೂ ಸರ್ಕಾರವನ್ನು ಮನೆಯ ಮಾನ ಕಳೆದವನೆಂದು ಬೈಯಲಿಲ್ಲ. ಹತ್ತೊಂಬತ್ತರ ಹುಡುಗಿ ಒಂದು ಬಾರಿ ದಾರಿ ಬದಲಿಸಿದರೆ ಮಾತ್ರ ನಾವು ಸಹಿಸುವುದಿಲ್ಲ.

"ಕಟ್ಟಿದ ಹಣ ನೀರುಪಾಲಾಯಿತಲ್ಲ" ಎಂಬುದು ಪೋಷಕರ ಮೊದಲ ಆಕ್ಷೇಪ. ಸಾಲ ಮಾಡಿ ಶುಲ್ಕ ಕಟ್ಟಿದವರ ಈ ನೋವನ್ನು ಹಗುರವಾಗಿ ಕಾಣಲಾಗದು. ಆದರೆ ಹಣವನ್ನು ನೀರುಪಾಲು ಮಾಡುವವರು ಬಹುಪಾಲು ನಿಯಮ ಮೀರುವ ಆಡಳಿತ ಮಂಡಳಿಗಳೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ಅಥವಾ ಹೆಚ್ಚು ದಿನ ಮೊದಲೇ ಬಿಟ್ಟವರಿಗೆ ಪೂರ್ತಿ ಶುಲ್ಕವನ್ನೂ, ಅದರ ನಂತರದ 15 ದಿನಗಳೊಳಗೆ ಬಿಟ್ಟವರಿಗೆ ಶೇ. 80ನ್ನೂ, 30 ದಿನಗಳೊಳಗೆ ಬಿಟ್ಟವರಿಗೆ ಶೇ. 50ನ್ನೂ ಮರಳಿಸಬೇಕು. ಮೂಲ ಅಂಕಪಟ್ಟಿಗಳನ್ನು ಕಾಲೇಜು ಒತ್ತೆಯಿಟ್ಟುಕೊಳ್ಳುವಂತಿಲ್ಲ. ತಾಂತ್ರಿಕ ಕಾಲೇಜುಗಳು ನಡುವೆ ಬಿಟ್ಟವರಿಂದ ಮುಂದಿನ ವರ್ಷಗಳ ಶುಲ್ಕವನ್ನು ಕೇಳಬಾರದೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯೂ ವಿಧಿಸಿದೆ. ಹೀಗಿದ್ದರೂ "ಉಳಿದ ವರ್ಷಗಳ ಹಣ ಕಟ್ಟಿ, ಟಿ.ಸಿ. ಒಯ್ಯಿರಿ" ಎನ್ನುವ ಕಚೇರಿಗಳಿವೆ. ಶಿಲುಬೆಯ ಗುರುತನ್ನು ಹೆಬ್ಬಾಗಿಲಲ್ಲಿ ಇಟ್ಟುಕೊಂಡ ನಮ್ಮ ಸಂಸ್ಥೆಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಹೊರಡುವ ವಿದ್ಯಾರ್ಥಿಯನ್ನು ಹರಸಿ ಕಳುಹಿಸಲಾಗದ ಸಂಸ್ಥೆ ಸೇವೆಯ ಮಾತಾಡಬಾರದು.

"ವಿದ್ಯಾರ್ಥಿವೇತನ ತಪ್ಪಿಹೋಗುತ್ತದೆ" ಎಂಬುದು ಎರಡನೆಯ ಆಕ್ಷೇಪ. ಇದು ಅನೇಕ ಬಾರಿ ವಿಚಾರಿಸದೆ ಪಡುವ ಭಯ. ಒಂದು ಉದಾಹರಣೆ ನೋಡೋಣ. ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ಕುಟುಂಬಗಳ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರವು ಪದವಿ ವ್ಯಾಸಂಗಕ್ಕೆ ವರ್ಷಕ್ಕೆ 12,000 ರೂಪಾಯಿ ಕೊಡುವ ಯೋಜನೆಯಿದೆ. ವಿಷಯ ಅಥವಾ ಕಾಲೇಜು ಬದಲಾದರೂ ಹೊಸ ಸಂಸ್ಥೆ ಮತ್ತು ಕೋರ್ಸು ಮಾನ್ಯತೆ ಪಡೆದಿದ್ದರೆ ಆ ನೆರವು ಮುಂದುವರಿಯಲು ಅವಕಾಶವಿದೆ. ಅದೇ ಯೋಜನೆಯಲ್ಲಿ ಪ್ರತಿ ವರ್ಷದ ನವೀಕರಣಕ್ಕೆ ಶೇ. 50 ಅಂಕಗಳೂ ಶೇ. 75 ಹಾಜರಾತಿಯೂ ಬೇಕು. ಒಲ್ಲದ ವಿಷಯದಲ್ಲಿ ಬಲವಂತವಾಗಿ ಕೂರಿಸಿದ ಮಗು ಎರಡನ್ನೂ ಕಳೆದುಕೊಳ್ಳುವುದು ಸುಲಭ. ವಿದ್ಯಾರ್ಥಿವೇತನ ಉಳಿಸಲು ಮಗುವನ್ನು ಅಲ್ಲೇ ಕಟ್ಟಿಹಾಕಿದವರು ಕೊನೆಗೆ ವಿದ್ಯಾರ್ಥಿವೇತನವನ್ನೂ ಉಳಿಸುವುದಿಲ್ಲ, ಮಗುವಿನ ಉತ್ಸಾಹವನ್ನೂ ಉಳಿಸುವುದಿಲ್ಲ.

ಹಾಗೆಂದು ಎಲ್ಲ ಬದಲಾವಣೆಯನ್ನೂ ನಾನು ಹೊಗಳಲಾರೆ. ಗೆಳತಿ ಹೋದಳೆಂದು ಹೋಗುವವರು, "ಆನರ್ಸ್" ಎಂಬ ಪದದ ಹೊಳಪಿಗೆ ಮರುಳಾಗುವವರು ಇದ್ದಾರೆ. ಯು.ಜಿ.ಸಿ.ಯ 2022ರ ಚೌಕಟ್ಟಿನಲ್ಲಿ ಮೂರು ವರ್ಷಗಳ ಪದವಿಗೆ 120, ನಾಲ್ಕು ವರ್ಷಗಳ ಆನರ್ಸ್ ಪದವಿಗೆ 160 ಕ್ರೆಡಿಟ್‌ಗಳು ಬೇಕು. ಸಂಶೋಧನೆಯೊಂದಿಗಿನ ಆನರ್ಸ್‌ಗೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ ಶೇ. 75 ಅಂಕ ಬೇಕು. ಅಂದರೆ ಒಂದು ವರ್ಷ ಹೆಚ್ಚಿನ ಓದು, ಒಂದು ವರ್ಷ ಹೆಚ್ಚಿನ ಖರ್ಚು. ಸಂಶೋಧನೆಯ ಹಂಬಲವಿದ್ದವರಿಗೆ ಅದು ಸಾರ್ಥಕ; ಆಮಂತ್ರಣ ಪತ್ರಿಕೆಯಲ್ಲಿ ಹೆಸರಿನ ಮುಂದೆ ಅಚ್ಚುಹಾಕಿಸುವವರಿಗಲ್ಲ.

ಬದಲಾವಣೆಗೆ ಸಿದ್ಧತೆಯೂ ಬೇಕು. 2021ರಲ್ಲಿ ರೂಪುಗೊಂಡ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕಿನಲ್ಲಿ ಗಳಿಸಿದ ಕ್ರೆಡಿಟ್‌ಗಳು ಏಳು ವರ್ಷಗಳವರೆಗೆ ಜಮೆಯಾಗಿರುತ್ತವೆ ನಿಜ. ಆದರೆ ಜಮೆಯಾದದ್ದೆಲ್ಲವನ್ನೂ ಹೊಸ ಕಾಲೇಜು ಒಪ್ಪಲೇಬೇಕೆಂದಿಲ್ಲ. ಒಂದೇ ವಿಶ್ವವಿದ್ಯಾಲಯದ ಸಂಯೋಜಿತ ಕಾಲೇಜುಗಳ ಪಠ್ಯಕ್ರಮ ಒಂದೇ ಆಗಿರುವುದರಿಂದ ಅಲ್ಲಿ ತೊಡಕು ಕಡಿಮೆ. ಸ್ವಾಯತ್ತ ಕಾಲೇಜುಗಳಿಗೂ ಡೀಮ್ಡ್ ವಿಶ್ವವಿದ್ಯಾಲಯಗಳಿಗೂ ಅವುಗಳದೇ ಪಠ್ಯಕ್ರಮವಿರುವುದರಿಂದ ತೊಡಕು ಹೆಚ್ಚು. ಯಾವ ಪತ್ರಿಕೆಗಳಿಗೆ ಮಾನ್ಯತೆ ಸಿಗುತ್ತದೆ, ಎರಡನೆಯ ವರ್ಷಕ್ಕೆ ಸೇರಿಸುವರೋ ಮತ್ತೆ ಮೊದಲ ವರ್ಷವೋ, ವಿದ್ಯಾರ್ಥಿವೇತನದ ದಾಖಲೆ ವರ್ಗಾಯಿಸುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವವರೆಗೆ ಹಳೆಯ ಕಾಲೇಜನ್ನು ಬಿಡಬೇಡಿ. ಭತ್ತದ ಸಸಿಯನ್ನು ಮಡಿಯಿಂದ ಕಿತ್ತು ಗದ್ದೆಯಲ್ಲಿ ನಾಟಿ ಮಾಡುವುದನ್ನು ನಮ್ಮ ರೈತರು ನಷ್ಟವೆಂದು ಎಣಿಸುವುದಿಲ್ಲ. ಆದರೆ ಗದ್ದೆ ಹದಮಾಡದೆ ಯಾರೂ ಸಸಿ ಕೀಳುವುದೂ ಇಲ್ಲ.

ಪ್ರಿಯ ಪೋಷಕರೇ, ಮಗು ಬಂದು ಹೇಳಿದಾಗ ಮೊದಲು "ಜನ ಏನೆಂದಾರು" ಎನ್ನಬೇಡಿ, "ಯಾಕೆ" ಎಂದು ಕೇಳಿ. ಉತ್ತರವನ್ನು ಕೊನೆಯವರೆಗೆ ಆಲಿಸಿ. ಆ ಜನ ಪರೀಕ್ಷೆ ಬರೆಯುವುದಿಲ್ಲ, ನಲವತ್ತು ವರ್ಷ ಆ ಉದ್ಯೋಗ ಮಾಡುವುದೂ ಇಲ್ಲ. ಧರ್ಮಕೇಂದ್ರಗಳ ಶಿಕ್ಷಣ ನಿಧಿಯನ್ನು ನೋಡಿಕೊಳ್ಳುವ ಹಿರಿಯರೇ, ಕೋರ್ಸು ಬದಲಿಸಿದವರಿಗೆ ನೆರವಿಲ್ಲ ಎಂಬ ಷರತ್ತು ನಿಮ್ಮ ಅರ್ಜಿ ನಮೂನೆಯಲ್ಲಿದ್ದರೆ ಬರುವ ಶೈಕ್ಷಣಿಕ ವರ್ಷದೊಳಗೆ ಅದನ್ನು ಅಳಿಸಿಹಾಕಿ. ಹೊಸ ಕಾಲೇಜಿನ ಮೊದಲ ಕಂತು ಕಟ್ಟುವ ದಿನವೇ ಆ ಮಗುವಿಗೆ ನಿಮ್ಮ ನೆರವು ಎಲ್ಲಕ್ಕಿಂತ ಹೆಚ್ಚು ಬೇಕಾಗಿರುತ್ತದೆ.