ಕೆರೆಯ ಸಿಂಗಾರವೋ, ಊರಿನ ಅನ್ನವೋ?

ಕೋಲಾರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲವೆಂಬುದು ಸರ್ವವಿದಿತವಾದ ಸಂಗತಿಯಷ್ಟೆ. ಅಂತಹ ಸೀಮೆಯಲ್ಲಿ ಜನರು ಶತಮಾನಗಳ ಕಾಲ ಉಂಡು ಬಾಳಿದುದು ಹೇಗೆ? ನೆಲವನ್ನು ಅನ್ನಕ್ಕೆ ತಕ್ಕಂತೆ ರಚಿಸಿಕೊಂಡುದರಿಂದಲೇ ಅಲ್ಲವೆ? ಮೇಲಣ ಕೆರೆಯ ಕೋಡಿ ಹರಿದ ನೀರು ಕೆಳಗಣ ಕೆರೆಗೆ, ಏರಿಯ ಕೆಳಗೆ ತೂಬಿನ ನೀರುಂಡು ಬೆಳೆಯುವ ಬತ್ತದ ಗದ್ದೆ, ನೀರೇರದ ದಿಣ್ಣೆಯಲ್ಲಿ ರಾಗಿ, ಅದರ ನಡುವೆ ಅಕ್ಕಡಿಸಾಲಾಗಿ ಅವರೆ, ತೊಗರಿ, ಹುಚ್ಚೆಳ್ಳು, ಊರ ಹೊರಗೆ ಮಾವು, ಹುಣಿಸೆ, ನೇರಳೆಗಳ ಗುಂಡುತೋಪು, ದನಗಳಿಗೆ ಗೋಮಾಳ. ಬೇಸಗೆಯಲ್ಲಿ ಕೆರೆಯ ಹೂಳು ಬಂಡಿಯೇರಿ ಹೊಲವನ್ನು ಸೇರುತ್ತಿತ್ತು. ನೀರನ್ನು ಹಂಚಲು ನೀರುಗಂಟಿಯಿದ್ದನು. ಇವುಗಳಲ್ಲಿ ಒಂದನ್ನು ಕಿತ್ತರೆ ಉಳಿದುದೆಲ್ಲವೂ ಸಡಿಲುವುದು.

ಕಿತ್ತದ್ದೂ ಆಯಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯವೆಂಬ ಘನವಾದ ಹೆಸರಿನಿಂದ ರಾಗಿಯ ಹೊಲಗಳಿಗೆ ನೀಲಗಿರಿಯು ಕಾಲಿಟ್ಟಿತು. ಅದರ ಸೊಪ್ಪನ್ನು ದನ ಮೂಸದು, ಕಾಯನ್ನು ಮಗು ತಿನ್ನದು. ಮರವು ಕಾರ್ಖಾನೆಗಳ ಪಾಲಾಯಿತು. 2017ರಲ್ಲಿ ಸರ್ಕಾರವು ಅದನ್ನು ನೆಡಕೂಡದೆಂದು ಆಜ್ಞೆ ಹೊರಡಿಸುವ ಹೊತ್ತಿಗೆ ಕೊಳವೆಬಾವಿಗಳು ಸಾವಿರ ಅಡಿಗಳನ್ನು ದಾಟಿದ್ದವು.

ಈಗಿನ ಸುಧಾರಕರ ರೀತಿಯಾದರೋ ಬೇರೆ. ಕೆರೆಯ ಸುತ್ತ ಬೇಲಿ, ಕಲ್ಲು ಹಾಸಿದ ಕಾಲುದಾರಿ, ಹುಲ್ಲುಹಾಸು, ದೀಪದ ಕಂಬ, ಇಷ್ಟಾದರೆ ಕೆರೆಯು ಉದ್ಧಾರವಾಯಿತೆಂದು ಅವರ ಮತ. ರಾಜಕಾಲುವೆಯ ಮೇಲೆ ಮನೆಗಳೆದ್ದಿರಲಿ, ತೂಬು ಹೂತುಹೋಗಿರಲಿ, ಅಚ್ಚುಕಟ್ಟು ನಿವೇಶನಗಳಾಗಿ ಮಾರಾಟವಾಗಿರಲಿ, ಚಿಂತೆಯಿಲ್ಲ! ಅಂದವನ್ನು ಯಾರೂ ಬೇಡವೆನ್ನರು. ತಾವರೆ ತುಂಬಿದ ಹಳೆಯ ಕೆರೆಯೇನು ಕುರೂಪಿಯಾಗಿತ್ತೆ? ಆದರೆ ಗದ್ದೆಗೆ ನೀರುಣಿಸದ ಕೆರೆಯು ಹಿರಿದಾದ ಒಂದು ತೊಟ್ಟಿ ಮಾತ್ರ.

ಹಳೆಯ ಏರ್ಪಾಡು ಈಗಿನ ಜನಸಂಖ್ಯೆಗೆ ಸಾಲದೆಂದು ಕೆಲವರು ವಾದಿಸುವರು. ಸಾಲದಿರಬಹುದು. ಏರಿಗೆ ಮಣ್ಣು ಹೊತ್ತವರಿಗೆಲ್ಲ ಅದರ ಕೆಳಗೆ ಗದ್ದೆಯಿರಲಿಲ್ಲವೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಇದರಿಂದ ಪಾಲನ್ನು ಸರಿಪಡಿಸಬೇಕೆಂದು ಸಿದ್ಧವಾಗುವುದೇ ಹೊರತು, ಕಾಲುವೆಯನ್ನು ಮುಚ್ಚಬೇಕೆಂದಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಅಂತರ್ಜಲವನ್ನು ತುಂಬಲೆಂದು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನೀರೇನೋ ಬಂದಿತು, ಅದು ಯಾವ ಹೊಲದ ಯಾವ ಕಾಳಾಗಬೇಕೆಂಬ ಯೋಚನೆ ಮಾತ್ರ ಇನ್ನೂ ಬಂದಂತಿಲ್ಲ. ಕೆರೆಗೆ ಹಣ ಮಂಜೂರು ಮಾಡುವ ಅಧಿಕಾರಿಗಳು ಮೊದಲು ತರಿಸಿ ನೋಡಬೇಕಾದುದು ದೀಪದ ಕಂಬಗಳ ಅಂದಾಜುಪಟ್ಟಿಯನ್ನಲ್ಲ, ಕಾಲುವೆ, ತೂಬು, ತೋಪು, ಗೋಮಾಳಗಳನ್ನು ಗುರುತಿಸಿದ ಗ್ರಾಮದ ನಕ್ಷೆಯನ್ನು.