ಥಾನಿನ ಮೇಲಿನ ಚೀಟಿ

ಅಮೇರಿಕದಲ್ಲಿ ಬೇಸ್‌ಬಾಲ್ ಎಂಬ ಚೆಂಡಾಟವೊಂದಿದೆ. ನಮ್ಮವರಿಗೆ ಕ್ರಿಕೆಟ್ಟಿನ ಹುಚ್ಚು ಎಷ್ಟಿದೆಯೋ ಆ ಜನಕ್ಕೆ ಈ ಆಟದ ಹುಚ್ಚು ಅಷ್ಟಿದೆ. ಆಟದ ವೀರರ ಚಿತ್ರಗಳನ್ನು ಅಂಗೈಯೊಳಗೆ ಅಡಗುವಷ್ಟು ರಟ್ಟಿನ ಮೇಲೆ ಅಚ್ಚು ಹಾಕಿ, ಮೊದಮೊದಲು ಸಿಗರೇಟಿನ ಪೊಟ್ಟಣದೊಳಗೂ ಅನಂತರ ಮಕ್ಕಳು ಅಗಿಯುವ ಗಮ್ಮಿನ ಜೊತೆಗೂ ಇಟ್ಟು ಮಾರುವ ಪದ್ಧತಿ ಅಲ್ಲಿ ನೂರು ವರ್ಷಕ್ಕೂ ಹಿಂದಿನದು. ಅಂಥದೊಂದು ರಟ್ಟಿನ ತುಂಡು 2022ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಹರಾಜಿಗೆ ಬಂದು 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅಂದಿನ ವಿನಿಮಯದ ದರದಲ್ಲಿ ನಮ್ಮ ಸುಮಾರು 100 ಕೋಟಿ ರೂಪಾಯಿ! ಚಿನ್ನದ ತಗಡಾಗಿದ್ದರೂ ಅಷ್ಟು ಬೆಲೆ ಬಾರದು. ವಾಚಕರು ಹುಬ್ಬೇರಿಸುವುದು ಸಹಜ. ಆದರೆ ಆ ಬೆಲೆ ಎಲ್ಲಿಂದ ಬಂತೆಂಬುದನ್ನು ತುಸು ವಿಚಾರಿಸಿದರೆ ನಮ್ಮ ಭಟ್ಕಳ, ಹೊನ್ನಾವರ, ಕುಮಟೆಗಳ ಹಳೆಯ ಮನೆಗಳ ಅಟ್ಟಗಳಿಗೂ ಸಂಬಂಧಿಸಿದ ಒಂದು ಸಂಗತಿ ಹೊರಬೀಳುತ್ತದೆ.

ಆ ರಟ್ಟಿನ ಮೇಲಿದ್ದವನು ಮಿಕಿ ಮ್ಯಾಂಟಲ್ ಎಂಬ ಆಟಗಾರ. 1952ರಲ್ಲಿ ಟಾಪ್ಸ್ ಎಂಬ ಗಮ್ಮಿನ ಕಂಪನಿ 407 ಚಿತ್ರಗಳ ಮಾಲೆಯೊಂದನ್ನು ಹೊರಡಿಸಿತು. ಮ್ಯಾಂಟಲನ ಚಿತ್ರ ಅದರಲ್ಲಿ 311ನೆಯದು. ಮಾಲೆಯ ಕೊನೆಯ ಭಾಗ ಅಂಗಡಿಗಳನ್ನು ಮುಟ್ಟುವ ಹೊತ್ತಿಗೆ ಆಟದ ಋತುವೇ ಮುಗಿಯುತ್ತ ಬಂದಿತ್ತು, ಕೊಳ್ಳುವವರಿರಲಿಲ್ಲ. ಉಳಿದ ಸರಕು ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿತ್ತು. ಕೊನೆಗೆ 1960ರಲ್ಲಿ, ಆ ಮಾಲೆಯನ್ನು ರೂಪಿಸಿದ ಸೈ ಬರ್ಗರ್ ಎಂಬಾತನೇ ಪೆಟ್ಟಿಗೆಗಳನ್ನೆಲ್ಲ ದೋಣಿಗೆ ಹೇರಿಸಿ, ನ್ಯೂಜರ್ಸಿಯ ತೀರದಿಂದಾಚೆಗೆ ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಿ ಬಂದನಂತೆ. ಈ ಕಥೆಯನ್ನು ಅವನೇ ಅನೇಕ ಸಲ ಹೇಳಿಕೊಂಡಿದ್ದಾನೆ. ಅಂದು ಸಮುದ್ರಕ್ಕೆ ಸುರಿದದ್ದು ಕಸ. ಸುರಿದುದರಿಂದಲೇ ಉಳಿದದ್ದು ರತ್ನವಾಯಿತು.

ಹೋನಸ್ ವ್ಯಾಗ್ನರ್ ಎಂಬ ಇನ್ನೊಬ್ಬ ಆಟಗಾರನದು ಬೇರೊಂದು ಬಗೆಯ ಕಥೆ. 1909ರಿಂದ 1911ರವರೆಗೆ ಅಮೇರಿಕನ್ ಟೊಬ್ಯಾಕೊ ಕಂಪನಿ ಸಿಗರೇಟಿನ ಪೊಟ್ಟಣದಲ್ಲಿಟ್ಟು ಹಂಚಿದ ಚಿತ್ರಗಳಲ್ಲಿ ಅವನದೂ ಒಂದಿತ್ತು. ತನ್ನ ಚಿತ್ರದ ಆಸೆಗೆ ಹುಡುಗರು ಹೊಗೆಸೊಪ್ಪಿಗೆ ಕೈಯೊಡ್ಡಬಾರದೆಂದು ಅವನು ತಡೆದನೆಂದು ಕೆಲವರು, ಕಂಪನಿ ಹಣ ಕೊಡದಿದ್ದುದಕ್ಕೆ ತಡೆದನೆಂದು ಕೆಲವರು. ಅಂತೂ ಅಚ್ಚು ನಿಂತಿತು. ಈಗ ಲೋಕದಲ್ಲಿ ಗೊತ್ತಿರುವ ಪ್ರತಿಗಳು ಅರುವತ್ತರ ಆಸುಪಾಸು. 2022ರಲ್ಲಿ ಒಂದು ಪ್ರತಿ 72 ಲಕ್ಷ 50 ಸಾವಿರ ಡಾಲರಿಗೆ ಕೈ ಬದಲಾಯಿಸಿತು.

ಹಾಗಾದರೆ ವಿರಳತೆಯೊಂದೇ ಬೆಲೆಗೆ ಕಾರಣವೇ? ನಾನು ಒಪ್ಪುವುದಿಲ್ಲ. ವಿರಳವಾದ ಕಾಗದ ನಮ್ಮೂರ ಪ್ರತಿಯೊಂದು ಮನೆಯಲ್ಲೂ ಇದೆ. ಅಜ್ಜನ ಕಾಲದ ಕಿರಾಣಿ ಲೆಕ್ಕದ ಚೀಟಿಗೆ ಎರಡನೆಯ ಪ್ರತಿಯೇ ಇಲ್ಲ! ಅದನ್ನು ಕೇಳುವವರಾರು? ಒಂದು ವಸ್ತು ವಿರಳವೆಂದು ತಿಳಿಯಬೇಕಾದರೆ ಅದು ಯಾವ ಮಾಲೆಯದು, ಆ ಮಾಲೆಯಲ್ಲಿ ಒಟ್ಟು ಎಷ್ಟಿದ್ದವು, ಯಾರು ಯಾವಾಗ ಅಚ್ಚು ಹಾಕಿಸಿದರು ಎಂದು ಯಾರಾದರೂ ಬರೆದಿಟ್ಟಿರಬೇಕು. ಅಮೇರಿಕದಲ್ಲಿ ಹಾಗೆ ಬರೆದಿಟ್ಟವನು ಜೆಫರ್ಸನ್ ಬರ್ಡಿಕ್. ಅವನು ಶ್ರೀಮಂತನಲ್ಲ, ವಿದ್ವಾಂಸನೂ ಅಲ್ಲ. ನ್ಯೂಯಾರ್ಕ್ ಸಂಸ್ಥಾನದ ಸಿರಾಕ್ಯೂಸ್ ಎಂಬ ಊರಿನ ವಿದ್ಯುತ್ ಉಪಕರಣಗಳ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಬ್ರಹ್ಮಚಾರಿ. ಸಂಧಿವಾತದಿಂದ ಕೈಬೆರಳುಗಳು ಸೊಟ್ಟಗಾಗಿದ್ದವು. ಆ ಕೈಗಳಿಂದಲೇ ಜಾಹೀರಾತಿನ ರಟ್ಟುಗಳನ್ನು ಕೂಡಿಸಿ, ಒಂದೊಂದು ಮಾಲೆಗೂ ಒಂದೊಂದು ಸಂಖ್ಯೆ ಕೊಟ್ಟು 1939ರಲ್ಲಿ ಪಟ್ಟಿಯೊಂದನ್ನು ಅಚ್ಚು ಮಾಡಿಸಿದನು. ವ್ಯಾಗ್ನರನ ಚಿತ್ರವಿರುವ ಮಾಲೆಯನ್ನು ಜಗತ್ತು ಇಂದಿಗೂ ಕರೆಯುವುದು ಅವನು ಕೊಟ್ಟ ಟಿ 206 ಎಂಬ ಹೆಸರಿನಿಂದಲೇ. 1947ರಿಂದ ತನ್ನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ಒಪ್ಪಿಸತೊಡಗಿ, ಮೂರು ಲಕ್ಷಕ್ಕೂ ಹೆಚ್ಚಿನ ಚೂರುಗಳನ್ನು ತಾನೇ ಕುಳಿತು ಪುಸ್ತಕಗಳಿಗೆ ಅಂಟಿಸಿದನು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿಯಲ್ಲಿ ಅವನೂ ತೀರಿಕೊಂಡನು. ಗೋಂದು ಹಚ್ಚಿ ಅಂಟಿಸಿದ್ದು ಮಹಾಪರಾಧವೆಂದು ಇಂದಿನ ಸಂಗ್ರಾಹಕರು ಮರುಗುತ್ತಾರೆ. ಮರುಗಲಿ. ಅವನಿಲ್ಲದಿದ್ದರೆ ಇವರಿಗೆ ಮರುಗುವುದಕ್ಕೂ ಏನೂ ಇರುತ್ತಿರಲಿಲ್ಲ.

ಇನ್ನು ನಮ್ಮ ಕರಾವಳಿಗೆ ಬರೋಣ. ನಮ್ಮ ಹುಡುಗರೂ ಕೂಡಿಸಿದವರೇ. ಬೆಂಕಿಪೆಟ್ಟಿಗೆಯ ಮೇಲಿನ ಚಿತ್ರಗಳನ್ನು ಪಣಕ್ಕಿಟ್ಟು ಆಡದ ಓಣಿ ಯಾವುದಿತ್ತು? ಸ್ವೀಡನ್ನಿನಿಂದಲೂ ಜಪಾನಿನಿಂದಲೂ ಕಡ್ಡಿಪೆಟ್ಟಿಗೆ ಬರುತ್ತಿದ್ದ ಕಾಲವಿತ್ತು. 1923ರಲ್ಲಿ ಸ್ವೀಡನ್ನಿನವರೇ ಇಲ್ಲಿ ವಿಮ್ಕೊ ಕಂಪನಿಯನ್ನು ಸ್ಥಾಪಿಸಿದರು. ಅದೇ ಕಾಲದಲ್ಲಿ ಶಿವಕಾಶಿಯವರೂ ಕೈಹಾಕಿದರು. 1980ರ ದಶಕದಲ್ಲಿ ಗಮ್ಮಿನ ಜೊತೆಗೆ ಕ್ರಿಕೆಟ್ ಆಟಗಾರರ ಚಿತ್ರಗಳೂ ಬಂದವು. ಇವೆಲ್ಲ ಚೆಲುವಾದ ಹವ್ಯಾಸಗಳೇ. ಆದರೆ ಕುಮಟೆಯ ಸೀಮೆಗೆ ಇವೆಲ್ಲಕ್ಕಿಂತ ಹತ್ತಿರದ ಚಿತ್ರವೊಂದುಂಟು. ಅದೇ ವಿಲಾಯತಿ ಬಟ್ಟೆಯ ಥಾನಿನ ಮೇಲೆ ಅಂಟಿಸುತ್ತಿದ್ದ ಬಣ್ಣದ ಚೀಟಿ. ವರ್ತಕರು ಇದನ್ನು ಟಿಕೀಟು ಎನ್ನುತ್ತಿದ್ದರು, ಛಾಪು ಎನ್ನುತ್ತಿದ್ದರು.

ಇದಕ್ಕೂ ಕುಮಟೆಗೂ ಏನು ನಂಟು? 1861ರಲ್ಲಿ ಅಮೇರಿಕದ ಉತ್ತರ ದಕ್ಷಿಣ ಸಂಸ್ಥಾನಗಳಿಗೆ ಯುದ್ಧ ಹತ್ತಿತು. ದಕ್ಷಿಣದ ಬಂದರುಗಳು ಮುಚ್ಚಿಹೋಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲವಾಯಿತು. ಆಗ ಅವರ ಕಣ್ಣು ಬಿದ್ದುದು ಧಾರವಾಡದ ಎರೆನೆಲದ ಮೇಲೆ. ಆ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟವಿಳಿದು ಬರುತ್ತಿದ್ದುದು ಕುಮಟೆಯ ಬಂದರಿಗೆ. ಅಲ್ಲಿಂದ ನಾವೆಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಬೆಳೆದದ್ದು ಧಾರವಾಡದ ರೈತ. ಹೆಸರು ಬಂದದ್ದು ಬಂದರಿಗೆ! ಲಿವರ್‌ಪೂಲಿನ ಪೇಟೆಯಲ್ಲಿ ಅದು ‘ಕುಮಟಾ ಹತ್ತಿ’ಯೆಂದೇ ಪ್ರಸಿದ್ಧವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ವ್ಯಾಪಾರಿಗಳ ಒತ್ತಾಯವಿತ್ತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. 1880ರ ದಶಕದ ಕೊನೆಗೆ ಮರ್ಮಗೋವೆಯ ರೈಲು ದಾರಿ ತೆರೆದು ಹತ್ತಿ ಅತ್ತ ತಿರುಗಿತು. ಕುಮಟೆಯ ವೈಭವ ಅಲ್ಲಿಗೆ ಇಳಿಯಿತು.

ಹೀಗೆ ಹೋದ ಹತ್ತಿ ಬಟ್ಟೆಯಾಗಿ ತಿರುಗಿ ಬರುತ್ತಿತ್ತಷ್ಟೆ. ಬರುವಾಗ ಅದರ ನೆತ್ತಿಯ ಮೇಲೊಂದು ಚಿತ್ರ. ಮ್ಯಾಂಚೆಸ್ಟರಿನ ಬಟ್ಟೆ ಥಾನು ಥಾನಿಗೂ ಒಂದೇ ಬಿಳುಪು. ಕೊಳ್ಳುವವರಿಗೆ ಇಂಗ್ಲಿಷು ಬಾರದು, ಬಹುಮಂದಿಗೆ ಯಾವ ಅಕ್ಷರವೂ ಬಾರದು. ಗುರುತು ಸಿಗುವುದು ಹೇಗೆ? ಆನೆ, ಹುಲಿ, ಹಡಗು, ಉಗಿಬಂಡಿ, ಮಹಾರಾಜರ ಮುಖ, ಕೊನೆಗೆ ಸಾಕ್ಷಾತ್ ಲಕ್ಷ್ಮೀ ಸರಸ್ವತಿಯರು, ಬೆಣ್ಣೆ ಕದಿಯುವ ಕೃಷ್ಣ, ಎಲ್ಲರೂ ಥಾನಿನ ಮೇಲೆ ಬಂದು ಕುಳಿತರು. ‘ಆನೆ ಛಾಪಿನದು ಕೊಡಿ’ ಎಂದರೆ ಮುಗಿಯಿತು. ರ‍್ಯಾಲಿ ಬ್ರದರ್ಸ್‌ನಂಥ ದೊಡ್ಡ ಕೋಠಿಗಳು ತಮ್ಮ ತಮ್ಮ ಛಾಪುಗಳನ್ನು ಪ್ರಾಣದಂತೆ ಕಾದುಕೊಳ್ಳುತ್ತಿದ್ದವು. ಒಬ್ಬರ ಚಿತ್ರವನ್ನು ಇನ್ನೊಬ್ಬರು ಕದ್ದರೆಂದು ವ್ಯಾಜ್ಯಗಳು ನಡೆದವು. ಸರಕಿನ ಗುರುತುಗಳಿಗಾಗಿ 1889ರಲ್ಲಿ ಇಲ್ಲಿ ಕಾಯಿದೆಯೇ ಬಂತು. ಗೊಲ್ಲರ ಗೋವಿಂದನನ್ನು ಕಂಡೇ ಅರಿಯದ ಇಂಗ್ಲೆಂಡಿನ ಮುದ್ರಣಗಾರರು ಕಲ್ಲಚ್ಚಿನಲ್ಲಿ, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಹೂಡಿ, ಕೆಲವೊಮ್ಮೆ ಚಿನ್ನದ ಪುಡಿಯ ಹೊಳಪು ಕೊಟ್ಟು ಈ ಚೀಟಿಗಳನ್ನು ತೆಗೆದಿದ್ದಾರೆ. ಆ ದೇವತೆಗಳಲ್ಲಿ ಕೆಲವರ ಮೂಗು ಮುಖ ತುಸು ವಿಲಾಯತಿಯಾಗಿಯೇ ಇವೆ. ನಮ್ಮ ಜನ ಅದನ್ನೂ ಕ್ಷಮಿಸಿ, ಬಟ್ಟೆಯನ್ನು ಉಟ್ಟು, ದೇವರನ್ನು ಚೌಕಟ್ಟಿಗೆ ಹಾಕಿಸಿ ಗೋಡೆಗೆ ತೂಗುಹಾಕಿದರು.

ಮುಂಬಯಿಯಿಂದ ಕರಾವಳಿಯ ಹಡಗುಗಳು ಕುಮಟೆ, ಹೊನ್ನಾವರ, ಭಟ್ಕಳಗಳನ್ನು ಮುಟ್ಟುತ್ತಿದ್ದ ಕಾಲದಲ್ಲಿ ಈ ಥಾನುಗಳು ನೀರಿನ ದಾರಿಯಲ್ಲೇ ಬರುತ್ತಿದ್ದವು. ಭಟ್ಕಳದ ನವಾಯತ ವರ್ತಕರಂತೂ ಜವಳಿ ವ್ಯಾಪಾರಕ್ಕೆ ಹೆಸರಾದವರು. ದೂರದ ಪಟ್ಟಣಗಳಲ್ಲಿ ಅಂಗಡಿಯಿಟ್ಟು ಊರಿನಲ್ಲಿ ಮನೆ ಕಟ್ಟಿದವರು. ಅಂಥ ಮನೆಗಳ ಸಂದೂಕಗಳಲ್ಲಿ, ಹಳೆಯ ಅಂಗಡಿಗಳ ರೋಜುಕೀರ್ದಿಗಳ ನಡುವೆ, ಮದುವೆಯ ಸೀರೆ ಸುತ್ತಿದ ಹಾಳೆಯ ಒಳಮೈಯಲ್ಲಿ ಈ ಚೀಟಿಗಳು ಅಡಗಿರುವುದು ಅಸಂಭವವಲ್ಲ. ಆದರೆ ಸಮಯ ಬಹಳ ಉಳಿದಿಲ್ಲ. ಸ್ವದೇಶಿಯ ಕಾಲದಲ್ಲಿ ವಿದೇಶೀ ಬಟ್ಟೆಗೆ ಬೆಂಕಿ ಬಿದ್ದಾಗ ಮೇಲಿನ ಚೀಟಿಯೂ ಉರಿಯಿತು. ಅದನ್ನು ಕುರಿತು ನನಗೆ ವ್ಯಥೆಯಿಲ್ಲ. ಅದು ಉರಿಯಬೇಕಾದ ಕಾಲದಲ್ಲಿ ಉರಿಯಿತು. ವ್ಯಥೆಯಿರುವುದು ಅನಂತರದ ಅಲಕ್ಷ್ಯವನ್ನು ಕುರಿತು. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಸೀಮೆ ನಮ್ಮದು. ಅಟ್ಲಾಂಟಿಕ್ ಸಾಗರ ಒಂದೇ ದಿನದಲ್ಲಿ ಮಾಡಿದ ಕೆಲಸವನ್ನು ನಮ್ಮ ಆಷಾಢ ಶ್ರಾವಣಗಳು ನಿಧಾನವಾಗಿ ಮಾಡುತ್ತವೆ. ಚೀಟಿಯ ಹಿಂಬದಿಯ ಗಂಜಿಯ ಅಂಟು ಹುಳಗಳಿಗೆ ಮೃಷ್ಟಾನ್ನ, ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಉಳಿದದ್ದಕ್ಕೆ ಗೆದ್ದಲು. ಇದರ ಮೇಲೆ, 66ನೆಯ ಹೆದ್ದಾರಿ ಅಗಲವಾಗುತ್ತ ಹೋದಂತೆ ರಸ್ತೆಯಂಚಿನ ಹಳೆಯ ಕಟ್ಟಡಗಳು ಉರುಳಿದವು. ಮನೆ ಕೆಡಹುವವರು ತೊಲೆ ಬಾಗಿಲುಗಳನ್ನು ಎಣಿಸಿಕೊಳ್ಳುತ್ತಾರೆ; ಕಾಗದ ರದ್ದಿಯವನ ತಕ್ಕಡಿಗೆ ಹೋಗುತ್ತದೆ.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯೂಸಿಯಮ್ ಆಫ್ ಆರ್ಟ್ ಅಂಡ್ ಫೋಟೋಗ್ರಫಿ ಎಂಬ ಸಂಗ್ರಹಾಲಯ ಇಂಥ ಚೀಟಿಗಳನ್ನು ಕೂಡಿಸಿ, 2025ರಲ್ಲಿ ಅವುಗಳದೇ ಒಂದು ಪ್ರದರ್ಶನವನ್ನು ಏರ್ಪಡಿಸಿತ್ತು. ರದ್ದಿಯೆಂದು ತಿಳಿದದ್ದು ಗಾಜಿನ ಹಿಂದೆ ನಿಂತಿತು. ಇದು ಶುಭಾರಂಭವೇ ಸರಿ. ಆದರೆ ಯಾವ ಚೀಟಿ ಯಾವ ಊರಿನ ಯಾವ ಅಂಗಡಿಗೆ ಬಂದದ್ದು, ಯಾರು ಉಟ್ಟರು ಎಂಬುದನ್ನು ಬೆಂಗಳೂರಿನ ಗಾಜು ಹೇಳಲಾರದು. ಅದನ್ನು ಹೇಳಬಲ್ಲವರು ಊರಿನಲ್ಲಿ ಉಳಿದಿರುವ ಹಿರಿಯರು ಮಾತ್ರ. ಕರಾವಳಿಗೆ ಒಬ್ಬ ಬರ್ಡಿಕ್ ಬೇಕಾಗಿದ್ದಾನೆ. ಅವನು ಶಾಲೆಯ ಮಾಸ್ತರನಾಗಿರಬಹುದು, ಬ್ಯಾಂಕಿನ ಗುಮಾಸ್ತನಾಗಿರಬಹುದು, ರಜೆಯಲ್ಲಿ ಅಜ್ಜಿಯ ಮನೆಗೆ ಬಂದ ಕಾಲೇಜಿನ ಹುಡುಗಿಯಾಗಿರಬಹುದು. ಬೇಕಾದದ್ದು ಒಂದು ದಪ್ಪ ಪುಸ್ತಕ, ಕೇಳುವ ತಾಳ್ಮೆ.

ದುಡ್ಡಿನ ಆಸೆಯಿಂದ ಅಟ್ಟ ಹತ್ತುವವರಿಗೆ ಒಂದೆರಡು ಮಾತು. ಮ್ಯಾಂಟಲನ ಬೆಲೆಯ ಕನಸು ಬೇಡ. ನಮ್ಮಲ್ಲಿ ಪೂರ್ತಿ ಪಟ್ಟಿಯಿಲ್ಲ, ಪಟ್ಟಿಯಿಲ್ಲದ ಕಡೆ ಪೈಪೋಟಿಯಿಲ್ಲ, ಪೈಪೋಟಿಯಿಲ್ಲದ ಕಡೆ ಬೆಲೆಯೂ ಇಲ್ಲ. ಹಳೆಯ ನಾಣ್ಯ ನೋಟುಗಳಿಗೆ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ, ಮೊದಲು ‘ಶುಲ್ಕ’ ಕಳುಹಿಸಿರೆಂದು ಕೇಳುವ ಮೋಸಗಾರರ ವಿಷಯದಲ್ಲಿ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲಿಯೇ ಜನರನ್ನು ಎಚ್ಚರಿಸಿದೆ. ಅದೇ ವಿದ್ಯೆ ಚೀಟಿಗೂ ಸಲ್ಲುತ್ತದೆ. ಕೊಳ್ಳುವವನು ನಿಮಗೆ ಹಣ ಕೊಡಬೇಕೇ ಹೊರತು ನೀವು ಅವನಿಗಲ್ಲ.

ಕೊಳ್ಳುವ ಚಪಲವುಳ್ಳವರಿಗೆ ನಕಲಿಯ ಕಾಟವುಂಟು. ಹೊಸದಾಗಿ ಅಚ್ಚು ಹಾಕಿ ಚಹದ ನೀರಿನಲ್ಲಿ ಅದ್ದಿ ಹಳೆಯದಾಗಿಸುವುದು ಕಷ್ಟದ ಕೆಲಸವೇನಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವೊಂದನ್ನು ಕಿಸೆಯಲ್ಲಿಟ್ಟುಕೊಳ್ಳಿ. ಇಂದಿನ ಮುದ್ರಣವಾದರೆ ದೇವಿಯ ಕೆನ್ನೆಯ ಮೇಲೆ ನಾಲ್ಕೇ ಬಣ್ಣದ ಚುಕ್ಕಿಗಳು ಸಾಲು ತಪ್ಪದೆ ಪುಟ್ಟ ಪುಟ್ಟ ಹೂಗಳಂತೆ ಕೂಡಿ ನಿಂತಿರುತ್ತವೆ. ಹಳೆಯ ಕಲ್ಲಚ್ಚಾದರೆ ಚುಕ್ಕಿಗಳು ಕೈಯಿಂದ ಇಟ್ಟವು. ಒಂದು ದೊಡ್ಡದು, ಒಂದು ಸಣ್ಣದು, ಬಣ್ಣದ ಮೇಲೆ ಬಣ್ಣ ಹರಡಿದ್ದು ಸ್ಪಷ್ಟವಾಗಿ ಕಾಣುತ್ತದೆ. ಅಂಚು ಕತ್ತರಿಸದೆ ಇರುವುದು, ಕೋಠಿಯ ಹೆಸರೂ ಮುದ್ರಣಗಾರನ ಹೆಸರೂ ಓದುವಂತಿರುವುದು, ಬಣ್ಣ ಬಿಸಿಲಿಗೆ ಬೆಳ್ಳಗಾಗದಿರುವುದು, ಇವು ಬೆಲೆಯನ್ನು ಏರಿಸುತ್ತವೆ.

ಮನೆಯಲ್ಲಿ ಸಿಕ್ಕಿದ್ದನ್ನು ಬಟ್ಟೆಯಿಂದಲೋ ಹಳೆಯ ಹಾಳೆಯಿಂದಲೋ ಕಿತ್ತು ತೆಗೆಯಬಾರದು. ಅಂಟಿದ್ದರೆ ಅಂಟಿದಂತೆಯೇ ಇರಲಿ. ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ ಉಸಿರು ಕಟ್ಟುವಂತೆ ಅಂಟಿಸಿಬಿಡುವ ಪದ್ಧತಿ ಈಚೆಗೆ ಹಬ್ಬಿದೆ, ಅದು ಕೊಲೆಗೆ ಸಮಾನ. ಒಣಗಿದ ಸ್ವಚ್ಛವಾದ ಕಾಗದದ ಲಕೋಟೆ ಸಾಕು. ಮಳೆಗಾಲದಲ್ಲಿ ಗೋಡೆಗೆ ತಾಗದ ಕಪಾಟಿನಲ್ಲಿಡಬೇಕು. ನವರಾತ್ರಿ ಕಳೆದ ಮೇಲೆ ಒಂದು ದಿನ ನೆರಳಿನಲ್ಲಿ ಹರವಿ ಗಾಳಿಯಾಡಿಸಬೇಕು. ಲಕೋಟೆಯ ಮೇಲೆ ಇದು ಯಾರ ಸಂದೂಕದಲ್ಲಿತ್ತು, ಯಾವ ಪೇಟೆಯ ಯಾವ ಅಂಗಡಿಯ ಬಟ್ಟೆ, ಯಾರ ಮದುವೆಗೆ ತಂದದ್ದು ಎಂದು ಅಜ್ಜಿಯನ್ನು ಕೇಳಿ, ಅವರು ಹೇಳಿದ ಹಾಗೆಯೇ ಬರೆದಿಡಿ. ಬರೆಯುವುದು ಸೀಸದಕಡ್ಡಿಯಿಂದಾಗಲಿ; ಶಾಯಿ ನಮ್ಮ ಕಡೆಯ ಶ್ರಾವಣಕ್ಕೆ ನಿಲ್ಲುವುದಿಲ್ಲ.